ರಾಜಾ ರಾಮಣ್ಣ

ರಾಜಾ ರಾಮಣ್ಣ (28 ಜನವರಿ 1925 – 24 ಸೆಪ್ಟೆಂಬರ್ 2004) ಕರ್ನಾಟಕದ ತಿಪಟೂರಿನಲ್ಲಿ ಜನಿಸಿದ ಪರಮಾಣು ಭೌತವಿಜ್ಞಾನಿ, ವಿಜ್ಞಾನ ಸಂಸ್ಥೆಗಳ ನಿರ್ಮಾಪಕ ಹಾಗೂ ಪಿಯಾನೋ ವಾದಕ. 1974ರ ಮೇ 18ರಂದು ರಾಜಸ್ಥಾನದ ಪೋಖರಣ್‌ನಲ್ಲಿ ನಡೆದ ಭಾರತದ ಮೊದಲ ಪರಮಾಣು ಸ್ಫೋಟದ ವೈಜ್ಞಾನಿಕ ನೇತೃತ್ವ ವಹಿಸಿದವರೆಂದು ಅವರ ಹೆಸರು ಜನಜನಿತವಾಗಿದೆ. ಆದರೆ ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಬೈಜಿಕ ವಿದಳನದ ಮೂಲಭೂತ ಸಂಶೋಧನೆಯಲ್ಲಿ, ಅಂದರೆ ಭಾರವಾದ ಪರಮಾಣು ಬೀಜವು ಒಡೆಯುವ ಬಗೆ ಮತ್ತು ಆಗ ಹೊರಬೀಳುವ ನ್ಯೂಟ್ರಾನ್‌ಗಳ ವರ್ತನೆಯನ್ನು ಅರಿಯುವುದರಲ್ಲಿ. ಯುರೇನಿಯಂ ಕಡಿಮೆಯಿರುವ, ಥೋರಿಯಂ ಹೇರಳವಾಗಿರುವ ಭಾರತದಂತಹ ದೇಶಕ್ಕೆ ಈ ನ್ಯೂಟ್ರಾನ್‌ಗಳ ಲೆಕ್ಕವೇ ಅಣುಶಕ್ತಿಯ ಭವಿಷ್ಯದ ಲೆಕ್ಕವೂ ಆಗಿದೆ. ಸಮ್ಮಿಲನ ಮತ್ತು ವಿದಳನ ಎರಡನ್ನೂ ಒಂದೇ ಯಂತ್ರದಲ್ಲಿ ಜೋಡಿಸುವ ಮಿಶ್ರ ರಿಯಾಕ್ಟರ್‌ನ ಕಲ್ಪನೆಗೂ ಆಧಾರ ಅದೇ ಲೆಕ್ಕ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮಣ್ಣನವರ ತಂದೆ ಬಿ. ರಾಮಣ್ಣ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು. ತಾಯಿ ರುಕ್ಮಿಣಿಯಮ್ಮ ಓದಿನಲ್ಲಿ ಆಸಕ್ತಿಯುಳ್ಳವರು. ಬಾಲ್ಯದ ಒಂದು ಭಾಗ ಮೈಸೂರಿನಲ್ಲಿಯೂ ಇನ್ನೊಂದು ಭಾಗ ಬೆಂಗಳೂರಿನಲ್ಲಿಯೂ ಕಳೆಯಿತು. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟ್, ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ ಮತ್ತು ಸೇಂಟ್ ಜೋಸೆಫ್ಸ್ ಕಾಲೇಜುಗಳಲ್ಲಿ ಓದಿದ ಅವರು ಮುಂದೆ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಿಂದ 1945ರಲ್ಲಿ ಭೌತವಿಜ್ಞಾನದಲ್ಲಿ ಆನರ್ಸ್ ಪದವಿ ಪಡೆದರು.

ಎಳೆಯ ವಯಸ್ಸಿನಲ್ಲಿಯೇ ಆರಂಭವಾದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಭ್ಯಾಸವು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರವಾಗಿ ಭಾರತದಲ್ಲಿ ಪರೀಕ್ಷೆ ನಡೆಸುತ್ತಿದ್ದ ಪರೀಕ್ಷಕರೊಬ್ಬರ ಮೂಲಕ 1944ರಲ್ಲಿ ಅವರಿಗೆ ಹೋಮಿ ಜಹಾಂಗೀರ್ ಭಾಭಾ ಅವರ ಪರಿಚಯವಾಯಿತು. ಭಾಭಾ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸುತ್ತಿದ್ದರು. ಅವರೂ ಪಾಶ್ಚಾತ್ಯ ಸಂಗೀತದಲ್ಲಿ ಅಪಾರ ಅಭಿರುಚಿಯುಳ್ಳವರು. ಭಾರತದ ಅಣುಶಕ್ತಿ ಯೋಜನೆಯ ಇಬ್ಬರು ಪ್ರಮುಖರು ಭೇಟಿಯಾದದ್ದು ಭೌತವಿಜ್ಞಾನದ ದಾರಿಯಿಂದಲ್ಲ, ಸಂಗೀತದ ದಾರಿಯಿಂದ.

ಟಾಟಾ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ತೆರಳಿದ ರಾಮಣ್ಣ ಅಲ್ಲಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ 1948ರಲ್ಲಿ ಡಾಕ್ಟರೇಟ್ ಗಳಿಸಿದರು. ಯುದ್ಧ ಆಗಷ್ಟೇ ಮುಗಿದಿತ್ತು. ಹಿರೋಶಿಮಾದ ನಂತರ ಬೈಜಿಕ ವಿದಳನವು ಪ್ರಯೋಗಶಾಲೆಯ ಕುತೂಹಲವಾಗಿ ಉಳಿದಿರಲಿಲ್ಲ. ಅದರ ಅನೇಕ ಮಾಹಿತಿಗಳು ಸರಕಾರಗಳ ಗುಟ್ಟಾಗಿದ್ದವು. ಈ ಗೋಪ್ಯತೆಯ ಕಾರಣದಿಂದಲೇ ಹೊಸದಾಗಿ ಸ್ವತಂತ್ರವಾದ ದೇಶಗಳು ವಿದಳನಕ್ಕೆ ಸಂಬಂಧಿಸಿದ ಅನೇಕ ಅಳತೆಗಳನ್ನು ತಾವೇ ಮೊದಲಿನಿಂದ ಮಾಡಿಕೊಳ್ಳಬೇಕಾಯಿತು.

ಮುಂಬಯಿ ಮತ್ತು ಟ್ರಾಂಬೆ

1949ರ ಡಿಸೆಂಬರಿನಲ್ಲಿ ರಾಮಣ್ಣ ಭಾಭಾ ಸ್ಥಾಪಿಸಿದ್ದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅವರ ಆರಂಭದ ಕೆಲಸಗಳಲ್ಲಿ ಮುಖ್ಯವಾದದ್ದು ನ್ಯೂಟ್ರಾನ್‌ಗಳು ವಸ್ತುವಿನೊಳಗೆ ವೇಗ ಕಳೆದುಕೊಳ್ಳುವ ಬಗೆಯ ಅಧ್ಯಯನ. ವಿದಳನದಲ್ಲಿ ಹುಟ್ಟುವ ನ್ಯೂಟ್ರಾನ್ ಅತಿವೇಗದ್ದು. ಆದರೆ ಯುರೇನಿಯಂ-235ರ ಬೀಜವನ್ನು ಒಡೆಯುವ ಸಾಮರ್ಥ್ಯ ನಿಧಾನ ನ್ಯೂಟ್ರಾನ್‌ಗೆ ಹೆಚ್ಚು. ಆದ್ದರಿಂದ ರಿಯಾಕ್ಟರ್‌ನಲ್ಲಿ ನೀರು, ಭಾರಜಲ, ಗ್ರಾಫೈಟ್ ಅಥವಾ ಬೆರಿಲಿಯಂ ಆಕ್ಸೈಡ್‌ನಂತಹ ಮಂದಕಗಳನ್ನು ಬಳಸುತ್ತಾರೆ. ನ್ಯೂಟ್ರಾನ್‌ಗಳನ್ನು ಸ್ಪಂದಗಳಾಗಿ, ಅಂದರೆ ಅತ್ಯಲ್ಪ ಕಾಲದ ಸಣ್ಣ ಸಣ್ಣ ಗುಂಪುಗಳಾಗಿ, ಮಂದಕದೊಳಕ್ಕೆ ಬಿಟ್ಟು ಅವು ಎಷ್ಟು ಹೊತ್ತಿನಲ್ಲಿ ನಿಧಾನಗೊಂಡು ಚದುರುತ್ತವೆ ಎಂಬುದನ್ನು ರಾಮಣ್ಣ ಮತ್ತು ಸಂಗಡಿಗರು ನೀರಿನಲ್ಲಿ ಹಾಗೂ ಬೆರಿಲಿಯಂ ಆಕ್ಸೈಡ್‌ನಲ್ಲಿ ಅಳೆದರು. ರಿಯಾಕ್ಟರ್ ವಿನ್ಯಾಸಕ್ಕೆ ಇಂತಹ ಅಂಕಿಗಳು ಅನಿವಾರ್ಯ.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕ್ರಾಂತಿಸ್ಥಿತಿಯನ್ನು ತಲುಪಿತು. ಅಂದರೆ ಅದರಲ್ಲಿ ಸರಣಿಕ್ರಿಯೆ ತನ್ನಷ್ಟಕ್ಕೆ ಮುಂದುವರಿಯತೊಡಗಿತು. ನೀರು ತುಂಬಿದ ಕೊಳದಲ್ಲಿ ಇಂಧನವನ್ನು ಇಳಿಬಿಟ್ಟಿರುವ ಈ ಪುಟ್ಟ ರಿಯಾಕ್ಟರ್ ಸೋವಿಯತ್ ಒಕ್ಕೂಟವನ್ನು ಬಿಟ್ಟರೆ ಏಷ್ಯಾದಲ್ಲಿಯೇ ಮೊದಲನೆಯದು. ಅದನ್ನು ರೂಪಿಸಿದ ತರುಣ ತಂಡದಲ್ಲಿ ರಾಮಣ್ಣನವರೂ ಇದ್ದರು. 1960ರಲ್ಲಿ ಕೆನಡಾದ ನೆರವಿನಿಂದ 40 ಮೆಗಾವಾಟ್ ಉಷ್ಣಸಾಮರ್ಥ್ಯದ ಸೈರಸ್ ರಿಯಾಕ್ಟರ್ ಆರಂಭವಾದಾಗ ಸಂಶೋಧಕರಿಗೆ ಇನ್ನೂ ಪ್ರಬಲವಾದ ನ್ಯೂಟ್ರಾನ್ ಮೂಲ ಒದಗಿತು.

1957ರಲ್ಲಿ ಆರಂಭವಾದ ಟ್ರಾಂಬೆಯ ತರಬೇತಿ ಶಾಲೆಯನ್ನು ರೂಪಿಸಿದವರು ರಾಮಣ್ಣ. ವಿಶ್ವವಿದ್ಯಾಲಯಗಳಿಂದ ಬಂದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವೀಧರರನ್ನು ಆರಿಸಿ, ಒಂದು ವರ್ಷ ಕಾಲ ಎಲ್ಲರಿಗೂ ಪರಮಾಣು ವಿಜ್ಞಾನದ ಪಾಠ ಹೇಳಿ, ಬಳಿಕ ನೌಕರಿಗೆ ತೆಗೆದುಕೊಳ್ಳುವ ಏರ್ಪಾಡು ಅದು. ಮುಂದಿನ ದಶಕಗಳಲ್ಲಿ ಭಾರತದ ಅಣುಶಕ್ತಿ ಇಲಾಖೆಯ ಬಹುತೇಕ ಹಿರಿಯ ಹುದ್ದೆಗಳಿಗೆ ಬಂದವರು ಈ ಶಾಲೆಯಿಂದ ಹೊರಬಂದವರೇ. ಬಾಂಬ್‌ಗಿಂತಲೂ ದೀರ್ಘಕಾಲ ಪರಿಣಾಮ ಬೀರಿದ ಅವರ ಕೊಡುಗೆ ಇದು ಎಂದರೆ ತಪ್ಪಾಗಲಾರದು.

ವಿದಳನದ ಸಂಶೋಧನೆ

ಯುರೇನಿಯಂ-235ರ ಬೀಜವು ನಿಧಾನ ನ್ಯೂಟ್ರಾನೊಂದನ್ನು ನುಂಗಿ ಎರಡು ಹೋಳಾಗುವಾಗ ಆ ಹೋಳುಗಳು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಒಂದರ ದ್ರವ್ಯರಾಶಿ ಸಂಖ್ಯೆ 95ರ ಆಸುಪಾಸಿನಲ್ಲಿದ್ದರೆ ಇನ್ನೊಂದರದು 140ರ ಆಸುಪಾಸಿನಲ್ಲಿರುತ್ತದೆ. ಬೀಜವನ್ನು ದ್ರವದ ಹನಿಗೆ ಹೋಲಿಸುವ ಹಳೆಯ ಸಿದ್ಧಾಂತದ ಪ್ರಕಾರ ಹನಿಯು ಎರಡು ಸಮಭಾಗಗಳಾಗಿ ಒಡೆಯಬೇಕಿತ್ತು. ಈ ಅಸಮತೆ ವಿದಳನ ಭೌತವಿಜ್ಞಾನದ ಬಹುಕಾಲದ ಒಗಟು.

ಈ ಒಗಟಿಗೆ ರಾಮಣ್ಣ ಮತ್ತು ಸಹೋದ್ಯೋಗಿಗಳು 1960ರ ದಶಕದ ನಡುವಿನಲ್ಲಿ ಸಂಭಾವ್ಯತೆಯನ್ನು ಆಧರಿಸಿದ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಬೀಜವು ಪೂರ್ಣವಾಗಿ ತುಂಡಾಗುವ ಮುನ್ನ, ನಡುವೆ ಸಪೂರ ಕತ್ತುಳ್ಳ ಎರಡು ಉಂಡೆಗಳಂತೆ ಇರುವಾಗ, ಅವುಗಳ ನಡುವೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಯಾದೃಚ್ಛಿಕವಾಗಿ ಅತ್ತಿಂದಿತ್ತ ವಿನಿಮಯವಾಗುತ್ತವೆ. ಈ ವಿನಿಮಯವು ಅತಿ ಸಂಭಾವ್ಯವಾದ ಹಂಚಿಕೆಯ ಕಡೆಗೆ ಸಾಗುವುದರಿಂದ ಹೋಳುಗಳ ದ್ರವ್ಯರಾಶಿ ಹಾಗೂ ವಿದ್ಯುದಂಶಗಳು ನಿರ್ಧಾರವಾಗುತ್ತವೆ ಎಂಬುದು ಅದರ ತಿರುಳು. ಹೋಳುಗಳ ಅಸಮತೆಗೆ ಬೀಜದ ಕವಚ ರಚನೆಯೇ ಮುಖ್ಯ ಕಾರಣವೆಂಬ ವಿವರಣೆ ಮುಂದೆ ಹೆಚ್ಚು ಮಾನ್ಯವಾಯಿತು. ಹಾಗಾದರೂ, ಬೀಜಗಳ ನಡುವಿನ ಕಣ ವಿನಿಮಯವನ್ನು ಯಾದೃಚ್ಛಿಕ ಪ್ರಕ್ರಿಯೆಯಾಗಿ ಕಾಣುವ ದೃಷ್ಟಿ ಭಾರ ಅಯಾನುಗಳ ಸಂಘಟ್ಟನೆಗಳನ್ನು ಅಭ್ಯಸಿಸುವಾಗ ಮತ್ತೆ ಮುನ್ನೆಲೆಗೆ ಬಂತು.

ಪ್ರಯೋಗದ ಕಡೆಯಲ್ಲಿ ಅವರ ತಂಡದ ಕೆಲಸ ಹೆಚ್ಚು ಗಟ್ಟಿಯಾಗಿ ನಿಂತಿದೆ. ವಿದಳನದಲ್ಲಿ ಹೊರಡುವ ಗಾಮಾ ಕಿರಣಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲವೆಂಬುದನ್ನು ಎಸ್. ಎಸ್. ಕಪೂರ್ ಅವರೊಡನೆ ನಡೆಸಿದ ಅಳತೆಗಳು ತೋರಿಸಿದವು. ಒಡೆದ ಹೋಳುಗಳು ಕೇವಲ ದೂರ ಸಿಡಿಯುವುದಷ್ಟೇ ಅಲ್ಲ, ಬುಗುರಿಯಂತೆ ಸುತ್ತುತ್ತಲೂ ಇರುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ನ್ಯೂಟ್ರಾನ್‌ಗಳೆಲ್ಲ ಓಡುವ ಹೋಳುಗಳಿಂದಲೇ ಹೊಮ್ಮುತ್ತವೆಯೇ ಅಥವಾ ಬೀಜ ಹರಿಯುವ ಕ್ಷಣದಲ್ಲಿಯೇ ಕೆಲವು ಹೊರಬೀಳುತ್ತವೆಯೇ ಎಂಬ ಪ್ರಶ್ನೆಯನ್ನೂ ಅವರ ತಂಡ ಕೈಗೆತ್ತಿಕೊಂಡಿತು. ಈ ಸಂಶೋಧನೆಗಳಿಗಾಗಿ 1963ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ರಾಮಣ್ಣನವರಿಗೆ ದೊರೆಯಿತು.

ಥೋರಿಯಂ ಮತ್ತು ನ್ಯೂಟ್ರಾನ್‌ಗಳ ಲೆಕ್ಕ

ರಾಮಣ್ಣ ಕೆಲಸ ಮಾಡಿದ ಯೋಜನೆಯ ಹಿಂದೆ ಭಾಭಾ 1954ರಲ್ಲಿ ಮಂಡಿಸಿದ ಮೂರು ಹಂತಗಳ ಚಿಂತನೆಯಿತ್ತು. ಕೇರಳ, ತಮಿಳುನಾಡು, ಆಂಧ್ರ ಮತ್ತು ಒಡಿಶಾ ಕರಾವಳಿಯ ಮೊನಜೈಟ್ ಮರಳಿನಲ್ಲಿ ಥೋರಿಯಂ ಹೇರಳವಾಗಿದೆ. ಆದರೆ ಥೋರಿಯಂ ತಾನಾಗಿ ಉರಿಯುವ ಇಂಧನವಲ್ಲ. ಥೋರಿಯಂ-232ರ ಬೀಜವು ಒಂದು ನ್ಯೂಟ್ರಾನನ್ನು ಹೀರಿಕೊಂಡರೆ ಥೋರಿಯಂ-233 ಆಗುತ್ತದೆ. ಸುಮಾರು 22 ನಿಮಿಷಗಳ ಅರ್ಧಾಯುಷ್ಯದಲ್ಲಿ ಅದು ಪ್ರೊಟಾಕ್ಟಿನಿಯಂ-233 ಆಗಿ, ಅದು ಸುಮಾರು 27 ದಿನಗಳ ಅರ್ಧಾಯುಷ್ಯದಲ್ಲಿ ಯುರೇನಿಯಂ-233 ಆಗಿ ಮಾರ್ಪಡುತ್ತದೆ. ಉರಿಯಬಲ್ಲ ಇಂಧನ ಈ ಕೊನೆಯದು. ಒದ್ದೆ ಸೌದೆಯನ್ನು ಒಣಗಿಸಲು ಮೊದಲು ಬೇರೆ ಬೆಂಕಿ ಬೇಕಾಗುವಂತೆ, ಥೋರಿಯಂ ಬಳಕೆಗೆ ಬರಲು ಮೊದಲು ಬೇರೊಂದು ಮೂಲದ ನ್ಯೂಟ್ರಾನ್‌ಗಳು ಬೇಕು.

ಮೊದಲ ಹಂತದಲ್ಲಿ ಸ್ವಾಭಾವಿಕ ಯುರೇನಿಯಂ ಮತ್ತು ಭಾರಜಲದ ರಿಯಾಕ್ಟರ್‌ಗಳಿಂದ ವಿದ್ಯುತ್ತಿನ ಜೊತೆಗೆ ಪ್ಲುಟೋನಿಯಂ ಪಡೆಯುವುದು. ಎರಡನೆಯದರಲ್ಲಿ ಆ ಪ್ಲುಟೋನಿಯಂ ಅನ್ನು ವೇಗದ ಉತ್ಪಾದಕ ರಿಯಾಕ್ಟರ್‌ಗಳಲ್ಲಿ ಉರಿಸಿ ಇನ್ನಷ್ಟು ಇಂಧನ ಬೆಳೆಸುವುದು. ಮೂರನೆಯದರಲ್ಲಿ ಥೋರಿಯಂನಿಂದ ಬಂದ ಯುರೇನಿಯಂ-233 ಬಳಸುವುದು. ಒಂದು ವಿದಳನದಿಂದ ಸರಾಸರಿ ಎರಡೂವರೆಯಷ್ಟು ನ್ಯೂಟ್ರಾನ್‌ಗಳು ಮಾತ್ರ ಹೊರಬರುತ್ತವೆ. ಅವುಗಳಲ್ಲಿ ಒಂದು ಸರಣಿಕ್ರಿಯೆಯನ್ನು ಮುಂದುವರಿಸಲು ಬೇಕು. ಕೆಲವು ಸೋರಿಹೋಗುತ್ತವೆ, ಕೆಲವು ಉಕ್ಕು ಮತ್ತು ತಂಪುಕಾರಕಗಳಲ್ಲಿ ಹೀರಿಹೋಗುತ್ತವೆ. ಹೊಸ ಇಂಧನ ಬೆಳೆಯಲು ಉಳಿಯುವುದು ಬಲು ಕಡಿಮೆ. ಇಂಧನ ದ್ವಿಗುಣವಾಗಲು ವರ್ಷಗಳೇ ಹಿಡಿಯುವುದು ಈ ಕಾರಣದಿಂದ.

1966ರ ಜನವರಿಯಲ್ಲಿ ಆಲ್ಪ್ಸ್ ಪರ್ವತದ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ಅವರ ನಂತರ ವಿಕ್ರಮ್ ಸಾರಾಭಾಯಿ, ಸಾರಾಭಾಯಿಯವರ ಮರಣಾನಂತರ ಹೋಮಿ ಸೇಠ್ನಾ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. 1972ರಲ್ಲಿ ರಾಮಣ್ಣ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

ಪೋಖರಣ್

ಅದೇ 1972ರ ಮೇ 18ರಂದು ಟ್ರಾಂಬೆಯಲ್ಲಿ ಪೂರ್ಣಿಮಾ ಎಂಬ, ಪ್ಲುಟೋನಿಯಂ ಇಂಧನದ ಶೂನ್ಯಶಕ್ತಿಯ ವೇಗದ ರಿಯಾಕ್ಟರ್ ಕ್ರಾಂತಿಸ್ಥಿತಿ ತಲುಪಿತು. ಅದರಿಂದ ವಿದ್ಯುತ್ತಾಗಲಿ ಗಣನೀಯ ಉಷ್ಣವಾಗಲಿ ಬರುತ್ತಿರಲಿಲ್ಲ. ವೇಗದ ನ್ಯೂಟ್ರಾನ್‌ಗಳು ಪ್ಲುಟೋನಿಯಂನಲ್ಲಿ ವರ್ಧಿಸುವ ಬಗೆಯನ್ನು ಅರಿಯುವುದೇ ಅದರ ಉದ್ದೇಶ. ಆ ಅರಿವು ವೇಗದ ರಿಯಾಕ್ಟರ್‌ಗೂ ಬೇಕು, ಸ್ಫೋಟಕ ಸಾಧನಕ್ಕೂ ಬೇಕು. ಪಿ. ಕೆ. ಅಯ್ಯಂಗಾರ್, ಆರ್. ಚಿದಂಬರಂ ಮೊದಲಾದವರು ರಾಮಣ್ಣನವರ ಮೇಲ್ವಿಚಾರಣೆಯಲ್ಲಿ ಸಾಧನದ ಭೌತವಿಜ್ಞಾನದಲ್ಲಿ ತೊಡಗಿದರು. ರಕ್ಷಣಾ ಸಂಶೋಧನಾ ಪ್ರಯೋಗಾಲಯಗಳು ರಾಸಾಯನಿಕ ಸ್ಫೋಟಕಗಳ ಭಾಗವನ್ನು ಸಿದ್ಧಪಡಿಸಿದವು. ಪ್ಲುಟೋನಿಯಂ ಬಂದದ್ದು ಸೈರಸ್ ರಿಯಾಕ್ಟರ್‌ನಿಂದ.

ಸ್ಫೋಟಕ್ಕೆ ಮುನ್ನ ಪ್ರಧಾನಿ ಇಂದಿರಾ ಗಾಂಧಿಯವರ ಸಮ್ಮುಖದಲ್ಲಿ ಬೆರಳೆಣಿಕೆಯ ಜನ ಸೇರಿ ನಡೆಸಿದ ಚರ್ಚೆಗಳನ್ನು ರಾಮಣ್ಣ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅದರ ಪ್ರಕಾರ ಪಿ. ಎನ್. ಧರ್ ಆರ್ಥಿಕ ಪರಿಣಾಮಗಳನ್ನು ಮುಂದಿಟ್ಟು ತೀವ್ರವಾಗಿ ವಿರೋಧಿಸಿದರು. ಪಿ. ಎನ್. ಹಕ್ಸರ್ ಅವರಿಗೆ ಕಾಲ ಇನ್ನೂ ಪಕ್ವವಾಗಿಲ್ಲವೆನಿಸಿತ್ತು. ಮುಂದೂಡುವ ಹಂತ ದಾಟಿಹೋಗಿದೆ ಎಂಬುದು ರಾಮಣ್ಣನವರ ನಿಲುವು. ಕೊನೆಯ ತೀರ್ಮಾನ ಪ್ರಧಾನಿಯವರದೇ ಆಗಿತ್ತು.

1974ರ ಮೇ 18ರ ಬೆಳಗ್ಗೆ 8 ಗಂಟೆ 5 ನಿಮಿಷಕ್ಕೆ, ಸುಮಾರು 107 ಮೀಟರ್ ಆಳದಲ್ಲಿ ಸಾಧನ ಸಿಡಿಯಿತು. ಇದರ ಪ್ರಬಲತೆ 12 ಕಿಲೋಟನ್ ಎಂದು ಸರಕಾರ ಪ್ರಕಟಿಸಿತು. ಅದಕ್ಕಿಂತ ಕಡಿಮೆಯೆಂದು ಅಂದಾಜಿಸಿದವರೂ ಇದ್ದಾರೆ. ಇದನ್ನು ಶಾಂತಿಯುತ ಪರಮಾಣು ಪ್ರಯೋಗವೆಂದು ಕರೆಯಲಾಯಿತು. ಗಣಿಗಾರಿಕೆ, ಮಣ್ಣು ಅಗೆಯುವಿಕೆಯಂತಹ ಉಪಯೋಗಗಳ ಮಾತು ಬಂತು. 1997ರಲ್ಲಿ ರಾಮಣ್ಣನವರೇ ಅದು ಬಾಂಬ್ ಆಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. 23 ವರ್ಷಗಳ ಅಧಿಕೃತ ಹೇಳಿಕೆಯನ್ನು ಅದರ ಮುಖ್ಯ ವಿಜ್ಞಾನಿಯೇ ತೆಗೆದುಹಾಕಿದಂತಾಯಿತು. ಅದಕ್ಕೂ ಮೊದಲೇ, 1975ರಲ್ಲಿ, ಅವರಿಗೆ ಪದ್ಮವಿಭೂಷಣ ಸಂದಿತ್ತು (1968ರಲ್ಲಿ ಪದ್ಮಶ್ರೀ, 1973ರಲ್ಲಿ ಪದ್ಮಭೂಷಣ ದೊರೆತಿದ್ದವು).

ಸ್ಫೋಟದ ಬೆಲೆಯನ್ನು ತೆತ್ತದ್ದು ವಿದ್ಯುತ್ ಯೋಜನೆ. ಶಾಂತಿಯುತ ಬಳಕೆಗೆಂದು ಕೊಟ್ಟ ರಿಯಾಕ್ಟರ್‌ನ ಪ್ಲುಟೋನಿಯಂ ಹೀಗೆ ಬಳಕೆಯಾಯಿತೆಂದು ಕೆನಡಾ ಸಹಕಾರವನ್ನು ನಿಲ್ಲಿಸಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಅರ್ಧಕ್ಕೆ ನಿಂತ ಎರಡನೆಯ ಘಟಕವನ್ನು ಭಾರತೀಯ ಎಂಜಿನಿಯರುಗಳೇ ಪೂರೈಸಬೇಕಾಯಿತು. ಪರಮಾಣು ಸಾಮಗ್ರಿಗಳ ರಫ್ತನ್ನು ನಿಯಂತ್ರಿಸುವ ಪೂರೈಕೆದಾರ ರಾಷ್ಟ್ರಗಳ ಗುಂಪು ರೂಪುಗೊಳ್ಳಲು ಈ ಸ್ಫೋಟವೇ ಪ್ರಚೋದನೆ. ಕಲ್ಪಾಕ್ಕಂನ ವೇಗದ ಉತ್ಪಾದಕ ಪರೀಕ್ಷಾ ರಿಯಾಕ್ಟರ್‌ನ ವಿನ್ಯಾಸ ಫ್ರಾನ್ಸ್‌ನ ರಿಯಾಕ್ಟರೊಂದನ್ನು ಆಧರಿಸಿತ್ತು. ಅದಕ್ಕೆ ಬೇಕಾಗಿದ್ದ ಸಂವರ್ಧಿತ ಯುರೇನಿಯಂ ಸಿಗದೆ ಹೋದದ್ದರಿಂದ, ಪ್ಲುಟೋನಿಯಂ ಹೆಚ್ಚಾಗಿರುವ ಕಾರ್ಬೈಡ್ ಇಂಧನವನ್ನು ಟ್ರಾಂಬೆಯ ವಿಜ್ಞಾನಿಗಳು ಹೊಸದಾಗಿ ರೂಪಿಸಿದರು. 1985ರ ಅಕ್ಟೋಬರ್ 18ರಂದು ಆ ರಿಯಾಕ್ಟರ್ ಕ್ರಾಂತಿಸ್ಥಿತಿ ತಲುಪಿದಾಗ ರಾಮಣ್ಣ ಆಯೋಗದ ಅಧ್ಯಕ್ಷರಾಗಿದ್ದರು. ಕಾರ್ಬೈಡ್ ಇಂಧನ ನಿರೀಕ್ಷೆಗಿಂತ ಚೆನ್ನಾಗಿ ಬಾಳಿತು. ಆದರೆ ಯೋಜನೆಯ ಎರಡನೆಯ ಹಂತ ಕಾಗದದ ಮೇಲಿದ್ದುದಕ್ಕಿಂತ ಬಹಳ ತಡವಾಯಿತೆಂಬುದೂ ನಿಜ.

ಆಡಳಿತದ ವರ್ಷಗಳು

1978ರಿಂದ 1981ರವರೆಗೆ ರಾಮಣ್ಣ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರೂ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯ ಮಹಾನಿರ್ದೇಶಕರೂ ಆಗಿದ್ದು, 1981ರಲ್ಲಿ ಮತ್ತೆ ಟ್ರಾಂಬೆಯ ನಿರ್ದೇಶಕರಾಗಿ ಮರಳಿದರು. 1983ರಿಂದ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಕಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರದ ಹಿಂದೆಯೂ ಇಂದೋರ್‌ನ ಉನ್ನತ ತಂತ್ರಜ್ಞಾನ ಕೇಂದ್ರದ ಹಿಂದೆಯೂ ಅವರ ಒತ್ತಾಸೆಯಿತ್ತು. ಲೇಸರ್ ಮತ್ತು ಕಣವೇಗವರ್ಧಕಗಳಿಗೆ ಮೀಸಲಾದ ಇಂದೋರ್ ಕೇಂದ್ರದ ಶಂಕುಸ್ಥಾಪನೆ 1984ರ ಫೆಬ್ರವರಿಯಲ್ಲಿ ನಡೆಯಿತು.

1985ರ ಆಗಸ್ಟ್‌ನಲ್ಲಿ ಟ್ರಾಂಬೆಯ 100 ಮೆಗಾವಾಟ್ ಉಷ್ಣಸಾಮರ್ಥ್ಯದ ಧ್ರುವ ರಿಯಾಕ್ಟರ್ ಕ್ರಾಂತಿಸ್ಥಿತಿ ತಲುಪಿತು. ಹೊರದೇಶದ ನೆರವಿಲ್ಲದೆ ನಿರ್ಮಿಸಿದ ಈ ರಿಯಾಕ್ಟರ್‌ನಲ್ಲಿ ಇಂಧನ ಕಂಬಿಗಳು ಕಂಪಿಸುವ ತೊಂದರೆ ಕಾಣಿಸಿಕೊಂಡು, ಪೂರ್ಣಶಕ್ತಿಗೆ ಬರಲು 1988ರವರೆಗೆ ಕಾಯಬೇಕಾಯಿತು. ಪೂರ್ಣಿಮಾ ಸರಣಿಯ ಎರಡನೆಯ ರಿಯಾಕ್ಟರ್ 1984ರಲ್ಲಿ ಯುರೇನಿಯಂ-233ರ ದ್ರಾವಣವನ್ನು ಇಂಧನವಾಗಿ ಬಳಸಿ ನಡೆಯಿತು. ಅಂದರೆ ಥೋರಿಯಂನಿಂದ ಹುಟ್ಟಿದ ಇಂಧನ ಸಣ್ಣ ಪ್ರಮಾಣದಲ್ಲಾದರೂ ಭಾರತದಲ್ಲಿ ಉರಿದು ತೋರಿಸಿತು. ಅದೇ ದಾರಿಯಲ್ಲಿ ಮುಂದೆ 1996ರಲ್ಲಿ ಕಲ್ಪಾಕ್ಕಂನಲ್ಲಿ 30 ಕಿಲೋವಾಟ್‌ನ ಕಾಮಿನಿ ರಿಯಾಕ್ಟರ್ ಆರಂಭವಾಯಿತು.

ಸಮ್ಮಿಲನ ಮತ್ತು ವಿದಳನದ ಜೋಡಣೆ

ವೇಗದ ರಿಯಾಕ್ಟರ್‌ಗಳು ನಿಧಾನವಾಗಿ ಇಂಧನ ಬೆಳೆಸುವುದಾದರೆ ಥೋರಿಯಂಗೆ ಬೇಕಾದ ನ್ಯೂಟ್ರಾನ್‌ಗಳನ್ನು ಬೇರೆಲ್ಲಿಂದ ತರಬಹುದು ಎಂಬ ಪ್ರಶ್ನೆಗೆ ಸಮ್ಮಿಲನ ಒಂದು ಉತ್ತರ. ಹೈಡ್ರೋಜನ್ನಿನ ಭಾರ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಕೂಡಿ ಹೀಲಿಯಂ ಆಗುವಾಗ 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ 14.1 ದಶಲಕ್ಷವನ್ನು ಒಂದು ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ವಿದಳನವೊಂದರಲ್ಲಿ ಸುಮಾರು 200 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಂದರೂ ಮಿಗುವ ನ್ಯೂಟ್ರಾನ್‌ಗಳು ಕಡಿಮೆ. ಸಮ್ಮಿಲನದಲ್ಲಿ ಶಕ್ತಿ ಕಡಿಮೆ, ಆದರೆ ಶಕ್ತಿಯ ಪ್ರಮಾಣಕ್ಕೆ ಹೋಲಿಸಿದರೆ ನ್ಯೂಟ್ರಾನ್‌ಗಳು ಹೆಚ್ಚು. ಒಂದಕ್ಕೆ ಕೊರತೆಯಿರುವುದು ಇನ್ನೊಂದರಲ್ಲಿ ಹೆಚ್ಚಾಗಿದೆ.

ಸಮ್ಮಿಲನದ ಪ್ಲಾಸ್ಮಾವನ್ನು ನಡುವೆ ಇಟ್ಟು ಅದರ ಸುತ್ತ ಥೋರಿಯಂ ಅಥವಾ ಯುರೇನಿಯಂ-238ರ ಹೊದಿಕೆಯನ್ನು ಕಟ್ಟುವುದು ಮಿಶ್ರ ರಿಯಾಕ್ಟರ್‌ನ ಮೂಲ ವಿನ್ಯಾಸ. ಹೊರಬಂದ ನ್ಯೂಟ್ರಾನ್‌ಗಳು ಹೊದಿಕೆಯಲ್ಲಿ ವಿದಳನವನ್ನು ಉಂಟುಮಾಡಿ ಶಕ್ತಿಯನ್ನು ಹಲವು ಪಟ್ಟು ಹೆಚ್ಚಿಸಬಹುದು, ಅಥವಾ ಹೊಸ ಇಂಧನವನ್ನು ಬೆಳೆಸಬಹುದು. ಹೊದಿಕೆ ತಾನಾಗಿ ಸರಣಿಕ್ರಿಯೆ ನಡೆಸಲಾರದಷ್ಟು ಕಡಿಮೆ ಇಂಧನವುಳ್ಳದ್ದಾದ್ದರಿಂದ ಸಮ್ಮಿಲನ ನಿಂತೊಡನೆ ಸರಣಿಯೂ ಆರುತ್ತದೆ. ಆದರೂ ವಿದಳನದ ಹೋಳುಗಳ ಉಳಿಕೆ ಉಷ್ಣವನ್ನು ಬಹುಕಾಲ ತಣಿಸಲೇಬೇಕು. ಸೋವಿಯತ್ ವಿಜ್ಞಾನಿ ಆಂದ್ರೇ ಸಖಾರೋವ್ 1950ರ ದಶಕದ ಆರಂಭದಲ್ಲಿಯೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. 1979ರಲ್ಲಿ ಹಾನ್ಸ್ ಬೇಥೆ ಅಮೆರಿಕದಲ್ಲಿ ಇದನ್ನು ಬಲವಾಗಿ ಪ್ರತಿಪಾದಿಸಿದರು.

ಭಾರತದ ಮಟ್ಟಿಗೆ ಈ ವಾದಕ್ಕೆ ವಿಶೇಷ ಆಕರ್ಷಣೆಯಿತ್ತು. ಪ್ಲುಟೋನಿಯಂ ಕೂಡಿಬರುವುದನ್ನು ದಶಕಗಳ ಕಾಲ ಕಾಯದೆ ಥೋರಿಯಂನಿಂದ ನೇರವಾಗಿ ಯುರೇನಿಯಂ-233 ಪಡೆಯುವ ಸಾಧ್ಯತೆ ಅದರಲ್ಲಿದೆ. 14 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಾನ್ ಬೆರಿಲಿಯಂ ಬೀಜಕ್ಕೆ ಬಡಿದಾಗ ಒಂದರ ಬದಲು ಎರಡು ನ್ಯೂಟ್ರಾನ್‌ಗಳು ಹೊರಬರಬಲ್ಲವು. ಹೊದಿಕೆಗಳಲ್ಲಿ ಈ ವರ್ಧನೆ ಎಷ್ಟಾಗುತ್ತದೆಂಬುದನ್ನು 1980ರ ದಶಕದಲ್ಲಿ ಟ್ರಾಂಬೆಯ ನ್ಯೂಟ್ರಾನ್ ಭೌತವಿಜ್ಞಾನಿಗಳು ಬೆರಿಲಿಯಂ ಮತ್ತು ಬೆರಿಲಿಯಂ ಆಕ್ಸೈಡ್‌ಗಳಲ್ಲಿ ಅಳೆದರು. ರಾಮಣ್ಣ ತಾರುಣ್ಯದಲ್ಲಿ ನ್ಯೂಟ್ರಾನ್ ಸ್ಪಂದಗಳನ್ನು ಬಿಟ್ಟು ಅಳೆದದ್ದೂ ಬೆರಿಲಿಯಂ ಆಕ್ಸೈಡ್‌ನಲ್ಲಿಯೇ. ಮೂರು ದಶಕಗಳ ಅಂತರದಲ್ಲಿ ಪ್ರಶ್ನೆ ಬದಲಾಗಿತ್ತು, ವಸ್ತು ಅದೇ ಆಗಿತ್ತು.

ಆದರೆ ಇದು ಅಳತೆ ಮತ್ತು ಲೆಕ್ಕಾಚಾರಗಳ ಹಂತವನ್ನು ದಾಟಲಿಲ್ಲ. ರಾಮಣ್ಣನವರ ಕಾಲದಲ್ಲಿ ಭಾರತದಲ್ಲಿ ಸಮ್ಮಿಲನ ಸಂಶೋಧನೆ ಶೈಶವದಲ್ಲಿತ್ತು. ಅಹಮದಾಬಾದಿನ ಪ್ಲಾಸ್ಮಾ ಸಂಶೋಧನಾ ಸಂಸ್ಥೆ 1986ರಲ್ಲಿ ಸ್ಥಾಪನೆಯಾಗಿ, ಅದರ ಮೊದಲ ಟೋಕಾಮ್ಯಾಕ್ ಆದ ಆದಿತ್ಯ 1989ರಲ್ಲಿ ಆರಂಭವಾಯಿತು. ಆ ಸಂಸ್ಥೆ ಅಣುಶಕ್ತಿ ಇಲಾಖೆಯ ಆಶ್ರಯಕ್ಕೆ ಬಂದದ್ದು 1996ರಲ್ಲಿ. ಮಿಶ್ರ ರಿಯಾಕ್ಟರ್‌ಗೆ ಎದುರಾದ ಆಕ್ಷೇಪಗಳೂ ಹಗುರವಾದವಲ್ಲ. ಸಮ್ಮಿಲನ ಯಂತ್ರದ ಜಟಿಲತೆ ಮತ್ತು ವಿದಳನದ ವಿಕಿರಣಶೀಲ ತ್ಯಾಜ್ಯ ಎರಡೂ ಒಂದೇ ಕಡೆ ಕೂಡುತ್ತವೆ. ಟ್ರಿಟಿಯಂ ನಿಸರ್ಗದಲ್ಲಿ ದೊರೆಯುವುದು ಅತ್ಯಲ್ಪವಾದ್ದರಿಂದ ಅದನ್ನು ಲಿಥಿಯಂನಿಂದ ತಯಾರಿಸಬೇಕು. ಅದಕ್ಕೂ ಇದೇ ನ್ಯೂಟ್ರಾನ್‌ಗಳೇ ಬೇಕು. ಬೆಳೆದ ಇಂಧನ ಬಾಂಬ್‌ಗೂ ಒದಗಬಲ್ಲದು. ಜಗತ್ತಿನಲ್ಲೆಲ್ಲೂ ಮಿಶ್ರ ರಿಯಾಕ್ಟರಿನಿಂದ ವಿದ್ಯುತ್ ಉತ್ಪಾದನೆ ಆಗಿಲ್ಲ.

ಎರಡು ಪ್ರಕ್ರಿಯೆಗಳ ಸಂಬಂಧದ ಒಂದು ಚಿಕ್ಕ ಮಾದರಿ ರಾಮಣ್ಣನವರ ನಿಧನದ ನಂತರ ಟ್ರಾಂಬೆಯಲ್ಲಿಯೇ ರೂಪುಗೊಂಡಿತು. ಪೂರ್ಣಿಮಾ ರಿಯಾಕ್ಟರ್‌ಗಳ ಹೆಸರನ್ನೇ ಹೊತ್ತ ನ್ಯೂಟ್ರಾನ್ ಉತ್ಪಾದಕ ಯಂತ್ರಕ್ಕೆ ಬ್ರಹ್ಮ ಎಂಬ, ಸ್ವಾಭಾವಿಕ ಯುರೇನಿಯಂ ತುಂಬಿದ ಮತ್ತು ತಾನಾಗಿ ಸರಣಿಕ್ರಿಯೆ ನಡೆಸಲಾರದ ಜೋಡಣೆಯನ್ನು ಸೇರಿಸಲಾಗಿದೆ. ಭಾರ ಹೈಡ್ರೋಜನ್ನಿನ ಸಮ್ಮಿಲನದಿಂದ ಹುಟ್ಟಿದ ನ್ಯೂಟ್ರಾನ್‌ಗಳು ಅದರಲ್ಲಿ ವಿದಳನವನ್ನು ನಡೆಸುತ್ತವೆ. ಮುಂದೆ ಕಣವೇಗವರ್ಧಕದಿಂದ ಚಾಲಿತವಾಗುವ ರಿಯಾಕ್ಟರ್‌ಗಳ ಅಧ್ಯಯನಕ್ಕೆಂದು ಅದನ್ನು ಕಟ್ಟಲಾಗಿದ್ದು, ಅದರಿಂದ ಶಕ್ತಿ ಪಡೆಯುವ ಉದ್ದೇಶವಿಲ್ಲ.

ಕೈಗಾ ಮತ್ತು ಕರ್ನಾಟಕ

1980ರ ದಶಕದಲ್ಲಿ ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರದ ಯೋಜನೆ ರೂಪುಗೊಂಡಾಗ ರಾಮಣ್ಣ ಹುಟ್ಟಿದ ರಾಜ್ಯದಲ್ಲಿಯೇ ಅಣುಶಕ್ತಿಯ ಬಗೆಗಿನ ದೊಡ್ಡ ವಾಗ್ವಾದ ಎದ್ದಿತು. ಪಶ್ಚಿಮ ಘಟ್ಟದ ದಟ್ಟ ಕಾಡು, ನದಿ, ಅಣೆಕಟ್ಟುಗಳ ಸಾಮೀಪ್ಯ ಇವುಗಳನ್ನು ಮುಂದಿಟ್ಟು ಪರಿಸರವಾದಿಗಳು ವಿರೋಧಿಸಿದರು. 1986ರ ಚೆರ್ನೋಬಿಲ್ ದುರಂತ ಆ ಭಯಕ್ಕೆ ರೂಪ ಕೊಟ್ಟಿತು. ಕೋಟ ಶಿವರಾಮ ಕಾರಂತರು ಚಳವಳಿಯ ಮುಂಚೂಣಿಯಲ್ಲಿದ್ದು, 1989ರ ಲೋಕಸಭಾ ಚುನಾವಣೆಯಲ್ಲಿ ಆ ಕ್ಷೇತ್ರದಿಂದ ಸ್ಪರ್ಧಿಸಿದರು. 1994ರಲ್ಲಿ ನಿರ್ಮಾಣದ ಹಂತದಲ್ಲಿಯೇ ಒಂದು ಘಟಕದ ಗುಮ್ಮಟದ ಒಳಪದರ ಕುಸಿದು ಬಿತ್ತು. ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಇಂದು ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅವೆಲ್ಲ ಭಾಭಾ ಯೋಜನೆಯ ಮೊದಲ ಹಂತಕ್ಕೆ ಸೇರಿದವು.

ಬೆಂಗಳೂರಿನ ವರ್ಷಗಳು, ಸಂಗೀತ ಮತ್ತು ಸಾರ್ವಜನಿಕ ಜೀವನ

ಜೆ. ಆರ್. ಡಿ. ಟಾಟಾ ಅವರ ಆಶಯದಂತೆ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಆರಂಭವಾಯಿತು. ರಾಮಣ್ಣ ಅದರ ಸ್ಥಾಪಕ ನಿರ್ದೇಶಕರಾಗಿ 1997ರವರೆಗೆ ದುಡಿದರು. ಆಡಳಿತಗಾರರು, ವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು, ಕಲಾವಿದರನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಅದರ ಗುರಿ. 1990ರಲ್ಲಿ ವಿ. ಪಿ. ಸಿಂಗ್ ಸರಕಾರದಲ್ಲಿ ಅವರು ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿದ್ದರು. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು.

ಪಿಯಾನೋ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಲಂಡನ್ನಿನ ರಾಯಲ್ ಸ್ಕೂಲ್ಸ್ ಆಫ್ ಮ್ಯೂಸಿಕ್‌ನ ಪರವಾನಗಿ ಡಿಪ್ಲೊಮಾ ಪಡೆದಿದ್ದ ಅವರು ಸಾರ್ವಜನಿಕ ಕಛೇರಿಗಳನ್ನೂ ನೀಡಿದರು. ಭಾರತೀಯ ರಾಗ ಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತದ ರಚನೆಗಳನ್ನು ಹೋಲಿಸಿ ಅವರು ಬರೆದ ಇಂಗ್ಲಿಷ್ ಪುಸ್ತಕ 1993ರಲ್ಲಿ ಪ್ರಕಟವಾಯಿತು. ಅವರ ಆತ್ಮಕಥೆ 1991ರಲ್ಲಿ ಹೊರಬಂದಿತ್ತು. ಪೋಖರಣ್‌ನ ತೀರ್ಮಾನದ ಬಗ್ಗೆ ಒಳಗಿದ್ದವರೊಬ್ಬರು ಬರೆದ ಅಪರೂಪದ ದಾಖಲೆಯಾಗಿ ಸಂಶೋಧಕರು ಅದನ್ನು ಇಂದಿಗೂ ಬಳಸುತ್ತಾರೆ, ಅದು ಒಬ್ಬರ ಕಡೆಯ ನಿರೂಪಣೆ ಎಂಬ ಎಚ್ಚರದೊಡನೆ.

ನಿಧನ ಮತ್ತು ಸ್ಮರಣೆ

ರಾಜಾ ರಾಮಣ್ಣ 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಒತ್ತಾಸೆಯಿಂದ ಆರಂಭವಾದ ಇಂದೋರ್‌ನ ಕೇಂದ್ರಕ್ಕೆ 2005ರ ಡಿಸೆಂಬರಿನಲ್ಲಿ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರವೆಂದು ಹೆಸರಿಡಲಾಯಿತು. ಅಣುಶಕ್ತಿ ಇಲಾಖೆ ಅವರ ಹೆಸರಿನಲ್ಲಿ ಹಿರಿಯ ವಿಜ್ಞಾನಿಗಳಿಗೆ ಫೆಲೋಶಿಪ್ ನೀಡುತ್ತದೆ. ಕರ್ನಾಟಕ ಸರಕಾರ ನೀಡುವ ರಾಜ್ಯ ವಿಜ್ಞಾನಿ ಪ್ರಶಸ್ತಿಗೂ ಅವರ ಹೆಸರಿದೆ.